ಮೊಳೆಯ ಮೇಲಿನ ಚಾವಿ

ನಮ್ಮ ದೇವರಕೋಣೆಯ ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಚಾವಿ ತೂಗುತ್ತದೆ. ಅದರ ಕಾರು ಗುಜರಿಗೆ ಹೋಗಿ ವರ್ಷಗಳಾದವು. ಗುಜರಿಯವನಿಗೆ ಚಾವಿ ಬೇಡವಾಗಿತ್ತು. ಕೆಲಸವಿಲ್ಲದ್ದನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ನೀವು ಕೇಳಿದರೆ, ಮಿತ್ರರೇ, ನನ್ನಲ್ಲಿ ಉತ್ತರವಿದೆ, ಹೇಳಲು ನಾಚಿಕೆಯಾಗುತ್ತದೆ.

ಅದು ನಮ್ಮ ತಂದೆಯವರ ಬಿಳಿ ಅಂಬಾಸಿಡರಿನದು. ಇಂಡಿ ಪಟ್ಟಣದ ನಮ್ಮ ಮನೆಯಿಂದ ತಾಂಬಾ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಎಂದು ಅದನ್ನು ಮೂವತ್ತು ವರ್ಷ ಓಡಿಸಿದವರು ಇಮಾಮಸಾಬ ಕಾಕಾ. ತಂದೆಯವರಿಗೆ ಕಾರಿತ್ತು, ಓಡಿಸಲು ಬರುತ್ತಿರಲಿಲ್ಲ. ಕಾಕಾನಿಗೆ ಓಡಿಸಲು ಬರುತ್ತಿತ್ತು, ಕಾರಿರಲಿಲ್ಲ. ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಚಾವಿಯನ್ನು ಆರತಿ ತಟ್ಟೆಯಲ್ಲಿಟ್ಟು, ಕುಂಕುಮ ಹಚ್ಚಿ, ಎರಡೂ ಕೈಯಿಂದ ಕಾಕಾನಿಗೆ ಕೊಡುವುದು ನಮ್ಮ ಮನೆಯ ಪದ್ಧತಿ. ಅವರು ಅದನ್ನು ಕಣ್ಣಿಗೊತ್ತಿಕೊಂಡು, ಚಕ್ರದಡಿಯ ನಿಂಬೆಹಣ್ಣು ಒಡೆಯುವಂತೆ ಗಾಡಿ ಮುಂದೆ ಬಿಟ್ಟ ಮೇಲೆಯೇ ಎಲ್ಲರ ಊಟ. ತಂದೆಯವರು ತೀರಿಕೊಂಡ ಮೇಲೆ ನಾನು ಕೊಡುತ್ತಿದ್ದೆ.

ಕಾರುಗಳ ಚರಿತ್ರೆಯನ್ನು ನೆನೆದರೆ ಮನಸ್ಸು ಮಂಕಾಗುತ್ತದೆ. ಮೊದಲು ಕಾರಿನ ಮೂತಿಗೆ ಹ್ಯಾಂಡಲ್ ತೂರಿಸಿ ರಟ್ಟೆ ನೋಯುವಷ್ಟು ತಿರುವಬೇಕಿತ್ತು. ಆಮೇಲೆ ಎರಡು ಬೆರಳಿನ ಚಾವಿ ಸಾಕಾಯಿತು. ಈಗ ಒಂದು ಗುಂಡಿ ಒತ್ತಿದರೆ ಮುಗಿಯಿತು. ಪ್ರತಿ ಸುಧಾರಣೆಯೂ ಮನುಷ್ಯನ ಕೈಯನ್ನು ಇಷ್ಟಿಷ್ಟೇ ದೂರ ಸರಿಸುತ್ತಲೇ ಬಂತು. ಅಂಬಾಸಿಡರ್ ತಯಾರಿಕೆ ನಿಂತಿತೆಂಬ ಸುದ್ದಿಯನ್ನು ನಾನು ಪತ್ರಿಕೆಯಿಂದ ಓದಿ ಹೇಳಿದಾಗ ಕಾಕಾ ಬಾನೆಟ್ ಒರೆಸುತ್ತಿದ್ದರು.

"ಇನ್ನ ನಮ್ಮಂಥಾವ್ರು ಹುಟ್ಟಂಗಿಲ್ಲ ಬಿಡ್ರಿ, ಸಣ್ಣರಾಯರ" ಎಂದು ನಕ್ಕರು. ನಾನೂ ನಕ್ಕೆ.

ಮುಂದೆ ಆ ಕಾರನ್ನು ಗುಜರಿಗೆ ಕೊಟ್ಟು, ಗುಂಡಿ ಒತ್ತುವ ಹೊಸ ಕಾರು ಕೊಂಡೆ, ಓಡಿಸುವುದನ್ನೂ ಕಲಿತೆ. ಆ ವರ್ಷದ ಖಂಡೇಪೂಜೆಗೆ ಕಾಕಾ ಎಂದಿನಂತೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಆರತಿಯಾಯಿತು. ಹೊಸ ಹುರುಪಿನಲ್ಲಿ ತಟ್ಟೆಯಲ್ಲಿದ್ದ ಕಪ್ಪು ರಿಮೋಟನ್ನು ನಾನೇ ಎತ್ತಿಕೊಂಡು, ಒಳಗೆ ಕೂತು ಗುಂಡಿ ಒತ್ತಿಬಿಟ್ಟೆ. ನಿಂಬೆಹಣ್ಣು ಒಡೆಯಿತು. ಗಾಜಿನಾಚೆ ನೋಡಿದರೆ, ಕಾಕಾ ಚಾಚಿದ ಕೈಗಳು ಇನ್ನೂ ಹಾಗೆಯೇ ಇದ್ದವು. ಆಮೇಲೆ ಅವರು ಅವೇ ಕೈಗಳಿಂದ ಹೊಸ ಕಾರಿನ ಬಾಗಿಲನ್ನು ಸುಮ್ಮನೆ ಒರೆಸಿದರು. ಊಟಕ್ಕೆ ನಿಲ್ಲಲಿಲ್ಲ.

ಮರುದಿನ ದಸರೆಯ ಬನ್ನಿ ಕೊಡಲು ಅವರ ಮನೆಗೆ ಹೋದೆ. ಬನ್ನಿಯೊಡನೆ ಹಳೆಯ ಚಾವಿಯನ್ನೂ ಅವರ ಕೈಯಲ್ಲಿಟ್ಟು, "ತಪ್ಪಾತು, ಕಾಕಾ" ಎಂದೆ.

ಬನ್ನಿಯನ್ನು ಕಣ್ಣಿಗೊತ್ತಿಕೊಂಡರು. ಚಾವಿಯನ್ನು ನನ್ನ ಅಂಗೈಗೇ ಮರಳಿಸಿ ಬೆರಳು ಮಡಚಿದರು.

"ಗಾಡಿ ಇಲ್ಲದ ಚಾವಿ ತಗೊಂಡು ನಾ ಎಲ್ಲಿಗೆ ಹೋಗ್ಲಿರಿ? ನಿಮ್ಮ ಕಡೇನ ಇರ್ಲಿ."

ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ಈಗ ಪ್ರತಿ ಖಂಡೇಪೂಜೆಗೂ ಮೊಳೆಯಿಂದ ಚಾವಿ ಇಳಿಸಿ, ಕುಂಕುಮ ಹಚ್ಚಿ ತಟ್ಟೆಯಲ್ಲಿಡುತ್ತೇನೆ. ಆರತಿಯಾದ ಮೇಲೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಲ್ಲುತ್ತೇನೆ. ಊಟಕ್ಕೆ ಹೊತ್ತಾಯಿತೆಂದು ಒಳಗಿನಿಂದ ಕರೆಯುವವರೆಗೂ ನಿಂತಿದ್ದು, ಮತ್ತೆ ಮೊಳೆಗೆ ತೂಗಹಾಕುತ್ತೇನೆ.