ನೀಲಕ್ಕ ಒರೆಸಿದ ಹಂಪಿ

ನೀಲಕ್ಕನ ಕಿವಿ ಸರಿಯಾಗಿಯೇ ಇತ್ತು. ಸುಳ್ಳು ಹೇಳಿದವಳು ನಾನು — ನನ್ನ ಮನೆಯ ಹಾಲ್‌ನಲ್ಲೇ, ಹಾಡಹಗಲು, ಯಜಮಾನರ ಎದುರಿಗೆ, ಅರ್ಧ ಕನ್ನಡದಲ್ಲಿ ಅರ್ಧ ಇಂಗ್ಲಿಷಿನಲ್ಲಿ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗಿರಲಿ ಎಂದು ಉಳಿಸಿಕೊಂಡರೆ ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ನನ್ನ ಕೈ ಒಂದು ಒಳ್ಳೆಯ ಎಕ್ಸ್‌ಕ್ಯೂಸ್ ಹುಡುಕಿಕೊಂಡಿರುತ್ತದೆ. ನನ್ನ ಕೈ ನನಗೆ ಗೊತ್ತು.

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಮಾರಲ್ ಸೈನ್ಸಿನಲ್ಲಿ ಪ್ರತಿ ವರ್ಷ ನನಗೇ ಪ್ರೈಜ್. ಯಾರಾದರೂ ಗಾಜು ಒಡೆದರೆ, ಇಂಕ್ ಚೆಲ್ಲಿದರೆ, "ಓನ್ ಅಪ್, ಗರ್ಲ್ಸ್" ಎನ್ನುತ್ತಿದ್ದರು ಸಿಸ್ಟರ್. ನಾವು ಎದ್ದು ನಿಲ್ಲುತ್ತಿದ್ದೆವು. ಕೆಲವೊಮ್ಮೆ ಏನೂ ಮಾಡದವರೂ ನಿಲ್ಲುತ್ತಿದ್ದರು — ಹಾಗೆ ನಿಲ್ಲುವುದು ನೋಡಲು ಅಷ್ಟು ಚೆನ್ನಾಗಿತ್ತು. ಸ್ಕೂಲ್ ಬಿಡುವ ವರ್ಷ, ಡ್ರಾಯಿಂಗ್ ಕಲಿಸುತ್ತಿದ್ದ ಸಿಸ್ಟರ್ ಬರ್ನಡೆಟ್ ತಾವೇ ಬರೆದ ಒಂದು ವಾಟರ್ ಕಲರ್ ಚಿತ್ರವನ್ನು ನನಗೆ ಕೊಟ್ಟರು. ಹಂಪಿಯ ಹೊಳೆಯ ದಂಡೆ, ಸಂಜೆ ಹೊತ್ತು. ಬಂಡೆ ಕೆಂಪು, ಆಕಾಶ ಕೆಂಪು, ನೀರೂ ಕೆಂಪು. ನಡುವೆ, ಅಳಿಸದ ಇಂಡಿಯನ್ ಇಂಕಿನಲ್ಲಿ, ಕಪ್ಪಗೆ ಒಂದು ಹರಿಗೋಲು. ಮದುವೆಯಾಗಿ ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿಗೆ ಬರುವಾಗ ಅದನ್ನು ಸೀರೆಗಳ ನಡುವೆ ಇಟ್ಟುಕೊಂಡು ತಂದಿದ್ದೆ. ಯಜಮಾನರು ಕಾಲುವೆ ಇಂಜಿನಿಯರ್. ರಿಟೈರ್ ಆದ ಮೇಲೆ ಹೊಸಪೇಟೆಯಲ್ಲಿ, ಸಂಡೂರಿಗೆ ಹೋಗುವ ರಸ್ತೆಯ ಮೇಲೆ ಮನೆ ಕಟ್ಟಿಸಿದರು. ಪೀಸ್‌ಫುಲ್ ಏರಿಯಾ ಎಂದು ಸೈಟ್ ಆರಿಸಿದವಳು ನಾನೇ.

ಆಮೇಲೆ ಅದಿರು ಶುರುವಾಯಿತು.

ಎರಡು ಸಾವಿರದ ಐದಾರರ ಸುಮಾರಿಗೆ ನಮ್ಮ ರಸ್ತೆಯಲ್ಲಿ ಸಂಡೂರಿನ ಗಣಿಗಳ ಅದಿರು ಹೊತ್ತ ಲಾರಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಲಾರಿ ಹೋದ ಮೇಲೆ ಧೂಳಿನಲ್ಲಿ ಅದೂ ಕಾಣುತ್ತಿರಲಿಲ್ಲ. ಬಿಳಿ ಬೆಕ್ಕು ಕೆಂಪಾಯಿತು. ಯಜಮಾನರ ನೆರೆತ ಮೀಸೆ, ಆ ವಯಸ್ಸಿನಲ್ಲಿ, ಮದರಂಗಿ ಹಚ್ಚಿದಂತಾಯಿತು. ಲಾರಿಗಳ ಅದುರಾಟಕ್ಕೆ ಗೋಡೆಯ ಮೇಲಿದ್ದ ಚಿತ್ರ ಒಮ್ಮೆ ಕೆಳಗೆ ಬಿದ್ದು ಫ್ರೇಮಿನ ಗಾಜು ಪುಡಿಯಾಯಿತು. "ಗಾಜು ಹಾಕಿಸು" ಎಂದು ಯಜಮಾನರು ದಿನಾ ಹೇಳುತ್ತಿದ್ದರು. "ನಾಳೆ" ಎಂದು ನಾನೂ ದಿನಾ ಹೇಳುತ್ತಿದ್ದೆ. ಗಾಜಿಲ್ಲದ ಚಿತ್ರವನ್ನೇ ಮತ್ತೆ ಗೋಡೆಗೆ ನೇತುಹಾಕಿದ್ದೆ.

ನೀಲಕ್ಕ ಹೊಸಪೇಟೆಯದೇ ಚಿತ್ತವಾಡ್ಗಿಯವರು. ಅವರ ಮಗ ಮಲ್ಲಿ ಚಿಕ್ಕವನಿದ್ದಾಗ ನನ್ನ ಹತ್ತಿರ ಇಂಗ್ಲಿಷ್ ಟ್ಯೂಷನ್‌ಗೆ ಬರುತ್ತಿದ್ದ. ಹಾಗೆ ಬೆಳೆದ ಸ್ನೇಹ. ಗಂಡ ತೀರಿಕೊಂಡ ಮೇಲೆ ಕಂಪ್ಲಿ ಹತ್ತಿರದ ಎಮ್ಮಿಗನೂರಿನ ಭತ್ತದ ಗದ್ದೆ, ಇಲ್ಲಿಯ ಮನೆ ಎರಡನ್ನೂ ಅವರೊಬ್ಬರೇ ನಡೆಸುತ್ತಿದ್ದರು. ಅದಿರಿನ ಕಾಲದಲ್ಲಿ ಮಲ್ಲಿಯೂ ಎರಡು ಲಾರಿ ತೆಗೆದುಕೊಂಡಿದ್ದ. ಪ್ರತಿ ಗುರುವಾರ ಮಧ್ಯಾಹ್ನ ನೀಲಕ್ಕ ಆಟೋ ಮಾಡಿಕೊಂಡು ನಮ್ಮ ಮನೆಗೆ ಬರುತ್ತಿದ್ದರು, ಬಂದವರೇ ಸೆರಗು ಸಿಕ್ಕಿಸಿ ಒರೆಸುವ ಬಟ್ಟೆ ಕೈಗೆ ತೆಗೆದುಕೊಳ್ಳುತ್ತಿದ್ದರು. ಬೇಡ ಎಂದರೆ ಕೇಳುವವರಲ್ಲ.

"ನಮ್ ಮಲ್ಲಿ ಲಾರಿ ಧೂಳು ಟೀಚರ್ರೀ, ನಿಮ್ ಮನಿಗೆ ಬಿಟ್ಟಿ ಸಪ್ಲೈ ಆಗಾಕತ್ತೈತಿ. ಒರಸಾಕೂ ನಾವ ಬರ್ಬೇಕಲ್ಲ. ನೀವು ಸುಮ್ನ ಕುಂದ್ರಿ, ಪೇಪರ್ ಓದ್ರಿ."

ನಾನು ಸುಮ್ಮನೆ ಕೂತು ಪೇಪರ್ ಓದುತ್ತಿದ್ದೆ.

ಆ ಗುರುವಾರವೂ ಅಷ್ಟೇ. ಇಂಗ್ಲಿಷ್ ಪೇಪರಿನ ಕ್ರಾಸ್‌ವರ್ಡ್‌ನಲ್ಲಿ ಅಡ್ಡ ಸಾಲಿನ ಹನ್ನೊಂದನೆಯ ಪದ ಹೊಳೆಯದೆ ಪೆನ್ಸಿಲ್ ಕಚ್ಚುತ್ತಿದ್ದೆ. ನೀಲಕ್ಕ ಟಿ.ವಿ. ಒರೆಸಿದರು, ಶೋಕೇಸ್ ಒರೆಸಿದರು, ಕುರ್ಚಿಯ ಮೇಲೆ ಹತ್ತಿದರು. ಹತ್ತಿ — ಕೇಳಿದರು. ಸ್ಪಷ್ಟವಾಗಿ ಕೇಳಿದರು.

"ಟೀಚರ್ರೀ, ಈ ಫೋಟೋದ ಮ್ಯಾಲೂ ಕೆಂಪು ಕುಂತೈತ್ರಿ. ಒರಸ್ಲೇನ್ರಿ?"

ನಾನು ತಲೆ ಎತ್ತಲಿಲ್ಲ. "ಹೂಂ, ಒರಸ್ರಿ ಒರಸ್ರಿ. ಚೆನ್ನಾಗಿ ಒರಸ್ರಿ" ಎಂದೆ.

ಆ 'ಚೆನ್ನಾಗಿ' — ಅದೊಂದನ್ನಾದರೂ ಬಿಡಬಹುದಿತ್ತು.

ಸ್ವಲ್ಪ ಹೊತ್ತಿನ ಮೇಲೆ ಬಕೆಟ್ಟಿನಲ್ಲಿ ಬಟ್ಟೆ ಹಿಂಡುವ ಸದ್ದು. "ಎಷ್ಟ್ ಧೂಳು ಹಿಡಿದೈತ್ರೀ ಯವ್ವಾ! ಒರಸಿದಷ್ಟೂ ಬರಾಕತ್ತೈತಿ!" ಮತ್ತೆ ಹಿಂಡಿದರು. ಮೂರನೆಯ ಸಲ ಹಿಂಡಿ, ಕುರ್ಚಿಯಿಂದ ಇಳಿದು, ಸೊಂಟಕ್ಕೆ ಕೈ ಕೊಟ್ಟು ನಿಂತು, "ನೋಡ್ರಿ ಈಗ, ಹೆಂಗ್ ಬೆಳ್ಳಗಾತು!" ಎಂದರು.

ಆಗ ನೋಡಿದೆ. ಹಂಪಿ ಇರಲಿಲ್ಲ. ಆಕಾಶ, ಬಂಡೆ, ಹೊಳೆ ಎಲ್ಲವೂ ಬಕೆಟ್ಟಿಗೆ ಇಳಿದಿದ್ದವು. ಒದ್ದೆ ಬಿಳಿ ಕಾಗದದ ನಡುವೆ ಆ ಹರಿಗೋಲು ಮಾತ್ರ, ಯಾವ ನೀರಿನ ಮೇಲೆ ನಿಂತಿದ್ದೇನೆಂದು ತಿಳಿಯದಂತೆ, ಉಳಿದುಕೊಂಡಿತ್ತು.

ನಾನು ಕಿರುಚಿದೆ. ಒಳಗೆ ಮಲಗಿದ್ದ ಯಜಮಾನರು ಎದ್ದು ಬಂದರು. ಕಾಲುವೆ ಒಡೆದರೆ ಮೊದಲು ಹೊಣೆ ಯಾರದೆಂದು ಫಿಕ್ಸ್ ಮಾಡಿ ಆಮೇಲೆ ನೀರು ನಿಲ್ಲಿಸಲು ಹೊರಡುವ ಇಲಾಖೆಯವರು ಅವರು. ಗೋಡೆ ನೋಡಿದರು, ಬಕೆಟ್ ನೋಡಿದರು, "ಇದನ್ನ ಒರೆಸೋಕೆ ಹೇಳಿದ್ಯಾರು?" ಎಂದರು.

"ಟೀಚರಮ್ಮನ ಹೇಳಿದ್ರಲ್ರಿ, ಚೆನ್ನಾಗಿ ಒರಸು ಅಂತ..." ಎಂದರು ನೀಲಕ್ಕ, ಗಾಬರಿಯಲ್ಲಿ.

ಯಜಮಾನರ ಕಣ್ಣು ಗಾಜಿಲ್ಲದ ಫ್ರೇಮಿನ ಮೇಲೆ ಹೋಯಿತು. ಅಲ್ಲಿಂದ ನನ್ನ ಪೆನ್ಸಿಲಿನ ಮೇಲೆ. ಇನ್ನೊಂದು ಕ್ಷಣ ಬಿಟ್ಟಿದ್ದರೆ ಎನ್‌ಕ್ವೈರಿ ನನ್ನ ಕಡೆ ತಿರುಗುತ್ತಿತ್ತು. ಗಾಜು, ನಾಳೆ, ಕ್ರಾಸ್‌ವರ್ಡ್ — ಒಂದು ತಿಂಗಳಿಗೆ ಸಾಕಾಗುವಷ್ಟು ಉಪದೇಶ. ಅಷ್ಟೇ ಇದ್ದದ್ದು. ಅಷ್ಟನ್ನು ತಪ್ಪಿಸಿಕೊಳ್ಳಲು ನಾನು ಹೇಳಿದೆ:

"ನಾನೆಲ್ಲಿ ಹೇಳಿದೆ? ಐ ನೆವರ್ ಸೆಡ್ ಎನಿಥಿಂಗ್ ಆಫ್ ದಿ ಸಾರ್ಟ್!"

ನೀಲಕ್ಕ ನನ್ನ ಮುಖ ನೋಡಿದರು. ಆಮೇಲೆ ಒದ್ದೆ ಬಟ್ಟೆಯನ್ನು ಮೆಲ್ಲಗೆ ಬಕೆಟ್ಟಿನ ಅಂಚಿಗೆ ಹಾಕಿ, "ಹಂಗಾರ ನನಗ ಕೇಳ್ಸಿದ್ದ ತಪ್ಪಿರಬೇಕ್ರಿ. ಟೀಚರಮ್ಮ ಸುಳ್ಳು ಹೇಳಂಗಿಲ್ಲ" ಎಂದರು.

ಆಗಲೇ ಎದ್ದು ನಿಲ್ಲಬೇಕಾಗಿತ್ತು. ನಿಂತೇ ಇದ್ದೆನಲ್ಲ — ಬಾಯಿ ಬಿಡಬೇಕಾಗಿತ್ತು, ಅಷ್ಟೇ. ಬದಲಿಗೆ ನಾನು ಬಾಯಿ ಬಿಟ್ಟದ್ದು ನೀಲಕ್ಕ, "ಇದಕ್ಕ ಎಷ್ಟಾಗ್ತದ ಹೇಳ್ರಿ, ಕೊಡ್ತೀನಿ" ಎಂದು ಕೇಳಿದಾಗ. "ಇದಕ್ಕೆ ಬೆಲೆ ಕಟ್ಟೋಕಾಗಲ್ಲ ನೀಲಕ್ಕ. ಇಟ್ ಈಸ್ ಪ್ರೈಸ್‌ಲೆಸ್." ದೊಡ್ಡತನ ತೋರಿಸಿದೆ ಎಂದುಕೊಂಡಿದ್ದೆ. ಈಗ ಅರ್ಥವಾಗುತ್ತದೆ — ಇನ್ನೂರೋ ಮುನ್ನೂರೋ ಅಂದಿದ್ದರೆ ಅವರು ಕೊಟ್ಟು ಮುಗಿಸುತ್ತಿದ್ದರು. ಬೆಲೆ ಇಲ್ಲ ಎಂದದ್ದಕ್ಕೆ ಮುಗಿಸುವ ದಾರಿಯೂ ಇಲ್ಲದಾಯಿತು.

ಆ ಸುಗ್ಗಿಗೆ ಮಲ್ಲಿಯ ಅದಿರಿನ ಲಾರಿ ನಮ್ಮ ಗೇಟಿನ ಮುಂದೆ ನಿಂತಿತು. ಎಮ್ಮಿಗನೂರಿನ ಅಕ್ಕಿ, ಒಂದು ಚೀಲ, ಮೇಲೆಲ್ಲ ಕೆಂಪು ಧೂಳು. "ಅವ್ವ ಕಳ್ಸ್ಯಾಳ್ರಿ, ಫೋಟೋದ ಬಾಬ್ತು" ಎಂದ ಮಲ್ಲಿ. ಬೇಡ ಎಂದೆ. ಬೇಡ ಎಂದದ್ದು ಒಂದೇ ಸಲ ಎನ್ನುವುದನ್ನೂ ಒಪ್ಪಿಕೊಳ್ಳುತ್ತೇನೆ. ಅಕ್ಕಿ ಬಹಳ ಒಳ್ಳೆಯದಿತ್ತು. ಅನ್ನ ಮಲ್ಲಿಗೆ ಹೂವಿನ ಹಾಗೆ ಆಗುತ್ತಿತ್ತು. ಅಲ್ಲಿಂದ ಮುಂದೆ ಪ್ರತಿ ಸುಗ್ಗಿಗೆ ಒಂದು ಚೀಲ ಬಂತು, ನಾವಿಬ್ಬರೂ ಉಂಡೆವು. ಮಲ್ಲಿಯ ಲಾರಿಯ ಧೂಳಿನಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು, ಹೇಗೆ ನೋಡಿದರೂ ಅವರೇ ಕೊಡಬೇಕಾದದ್ದು ನ್ಯಾಯ — ಎಂದು ಉಣ್ಣುವಾಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸಾರಿನ ಜೊತೆಗೆ ಆ ನ್ಯಾಯ ಸಲೀಸಾಗಿ ಇಳಿಯುತ್ತಿತ್ತು. ಮಜ್ಜಿಗೆ ಅನ್ನಕ್ಕೆ ಬರುವ ಹೊತ್ತಿಗೆ ಸ್ವಲ್ಪ ಗಂಟಲಿಗೆ ಸಿಕ್ಕುತ್ತಿತ್ತು.

ಅಕ್ಕಿಯಷ್ಟೇ ಆಗಿದ್ದರೆ ಈ ಬರಹ ಬೇಕಿರಲಿಲ್ಲ. ನೀಲಕ್ಕ ಕಿವಿ ತೋರಿಸಲು ಬಳ್ಳಾರಿಗೆ ಹೋದರು. "ಹದಿನಾರರ ಹುಡ್ಗಿ ಕಿವಿ ಅದಾವ ಅಂದ್ರು ಡಾಕ್ಟ್ರು" ಎಂದು ನನಗೆ ಬಂದು ಹೇಳಿದರು — ಸಂತೋಷದಿಂದಲ್ಲ, ಹೆದರಿಕೊಂಡು. ಕಿವಿ ಸರಿ ಇದೆ ಎಂದ ಮೇಲೆ ತಪ್ಪಿದ್ದು ತಲೆಯೇ ಇರಬೇಕಲ್ಲ? ಅಂದಿನಿಂದ ನೆನಪಿಗೆಂದು ಸೆರಗಿಗೆ ಗಂಟು ಹಾಕಿಕೊಳ್ಳತೊಡಗಿದರು. ಒಂದು ಗುರುವಾರ ನೋಡಿದರೆ ಐದು ಗಂಟು, ಯಾವುದು ಯಾಕೆಂದು ಅವರಿಗೇ ತಿಳಿಯದು. ನಮ್ಮ ಮನೆಯಲ್ಲಿ ಬಟ್ಟೆ ಮುಟ್ಟುವುದು ನಿಂತಿತು. ಎರಡೂ ಕೈ ಮಡಿಲಲ್ಲಿಟ್ಟು ಕೂರುವರು. ಕಾಫಿ ಕೊಟ್ಟರೆ, "ಕುಡಿ ಅಂದ್ರೇನ್ರಿ? ಅಂದ್ರಿ ಹೌದಲ್ಲ?" ಎಂದು ಎರಡು ಸಲ ಕೇಳುವರು. ಕೊನೆಗೆ ಸೊಂಟದ ಕೀಲಿ ಗೊಂಚಲನ್ನು ಸೊಸೆಗೆ ಬಿಚ್ಚಿಕೊಟ್ಟರು. ಸೊಸೆ ಒಳ್ಳೆಯವಳೇ. ಆದರೂ ತಮ್ಮದೇ ಮನೆಯಲ್ಲಿ ಸಕ್ಕರೆಗೆ ಕೇಳಿ ಕಾಯುವ ಹಾಗಾಯಿತು.

ಹೇಳಿಬಿಡಬೇಕೆಂದು ಒಮ್ಮೆ ಚಿತ್ತವಾಡ್ಗಿಗೆ ಹೋಗಿದ್ದೆ. ಆಟೋದಲ್ಲಿ ಇಡೀ ದಾರಿ ಮನಸ್ಸಿನಲ್ಲೇ ಪ್ರಾಕ್ಟೀಸ್ ಮಾಡಿದೆ, ಇಂಗ್ಲಿಷಿನಲ್ಲಿ. ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತಂದಿಟ್ಟರು. ತಿಂದೆ. ಮತ್ತೆರಡು ಮಿರ್ಚಿ ಹಾಕಿದರು. ಅವನ್ನೂ ತಿಂದು ವಾಪಸ್ ಬಂದೆ. ಇದರ ಮಧ್ಯೆ ಯಜಮಾನರು ತೀರಿಕೊಂಡರು. ಅವರಿಗೂ ಹೇಳಲಿಲ್ಲ. ಎನ್‌ಕ್ವೈರಿ ಹಾಗೇ ಉಳಿಯಿತು.

ಮುಂದೆ ಗಣಿ ನಿಂತಿತು. ಮಲ್ಲಿಯ ಲಾರಿಗಳು ಮನೆ ಮುಂದೆ ಸುಮ್ಮನೆ ನಿಂತವು. ಆ ವರ್ಷ ಒಂದು ಬೆಳಿಗ್ಗೆ ಮಲ್ಲಿ ನನ್ನ ಹತ್ತಿರ ಬಂದ.

"ಅವ್ವ ಎಮ್ಮಿಗನೂರಿಗೆ ಹೋಗಿ ಗದ್ದಿ ತಾನ ನೋಡ್ಕೊಂತೀನಿ ಅನ್ನಾಕತ್ತಾಳ್ರಿ ಟೀಚರ್. ತಲಿ ನೆಟ್ಟಗಿರಲಾರದಾಕಿನ್ನ ಒಬ್ಬಾಕಿನ್ನ ಹೆಂಗ್ ಬಿಡ್ಲಿ? ನಿಮ್ ಮನ್ಯಾಗ ಆವತ್ತ ಹಂಗಾತಲ್ರಿ, ನೀವ ಕಣ್ಣಾರೆ ನೋಡೀರಿ. ನೀವೊಂದ್ ಮಾತು ಬ್ಯಾಡ ಅನ್ರಿ. ನಿಮ್ ಮಾತಂದ್ರ ಕೇಳ್ತಾಳ."

ನನ್ನ ಮಾತೆಂದರೆ ಕೇಳುತ್ತಾರೆ — ಹೌದು, ತಮ್ಮ ಕಿವಿಯನ್ನೇ ನಂಬದೆ ಕೇಳಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಅವನ ಜೊತೆಗೇ ಹೊರಟೆ.

ಪಡಸಾಲೆಯಲ್ಲಿ ನೀಲಕ್ಕ ಇದ್ದರು, ಸೊಸೆ ಇದ್ದಳು. ನಾನು ಕೂರಲಿಲ್ಲ. "ನೀಲಕ್ಕ, ಆವತ್ತು ಚಿತ್ರ ಒರಸ್ಲಾ ಅಂತ ನೀವು ಕೇಳಿದ್ರಿ. ಒರಸ್ರಿ ಅಂತ ನಾನೇ ಹೇಳಿದೆ. ಯಜಮಾನರು ಬೈತಾರೆ ಅಂತ ಸುಳ್ಳು ಹೇಳಿದೆ. ನಿಮ್ಮ ಕಿವಿ, ನಿಮ್ಮ ತಲೆ ಯಾವುದಕ್ಕೂ ಏನೂ ಆಗಿಲ್ಲ" ಎಂದೆ. ಕನ್ನಡದಲ್ಲೇ ಹೇಳಿದೆ.

ಮೊದಲು ಮಾತಾಡಿದವನು ಮಲ್ಲಿ. "ಅಂದ್ರ... ಆ ಅಕ್ಕಿ?"

"ಸುಮ್ನಿರಲೇ" ಎಂದರು ನೀಲಕ್ಕ.

"ಅಕ್ಕಿಯೆಲ್ಲ ವಾಪಸ್ ಕೊಡ್ತೀನಿ" ಎಂದೆ.

"ಉಂಡು ಅರಗಿಸಿದ ಅಕ್ಕಿನ ಎಲ್ಲಿಂದ ತರ್ತೀರಿ?" ನೀಲಕ್ಕನ ದನಿ ಏರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಹೇಳಿದರು: "ನಿಮ್ ಚಿತ್ರ ನನ್ ಕೈಯಾಗ ಹಾಳಾತು. ನೀವ ಹೇಳಿದ್ರೂ ಕೈ ನಂದಲ್ರಿ. ಅದಕ್ಕ ನಾ ಕೊಟ್ಟಿದ್ದು ಕೊಟ್ಟೆ, ಹೋಗ್ಲಿ. ಐದು ವರ್ಷ ನಾನು ಹುಚ್ಚಿ ಅನ್ಕೊಂಡು ಬದುಕೀನ್ರಿ ಟೀಚರಮ್ಮ. ಅದು ನಿಮ್ ಕೈಯಾಗ ಹಾಳಾತು. ಅದಕ್ಕ ಯಾರು ಕೊಡ್ತಾರ್ರಿ?"

ನಾನು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.

ಆ ವಾರವೇ ಅವರು ಎಮ್ಮಿಗನೂರಿಗೆ ಹೋದರು. ಗದ್ದೆ ಅವರೇ ನೋಡಿಕೊಳ್ಳುತ್ತಾರೆ. ಚೆನ್ನಾಗಿ ನೋಡಿಕೊಳ್ಳುತ್ತಾರೆಂದು ಕೇಳಿದ್ದೇನೆ. ನನ್ನ ಮನೆಗೆ ಬರುವುದಿಲ್ಲ. ಕ್ಷಮಿಸಿ ಎಂದು ನಾನೂ ಹೇಳಿಕಳಿಸಿಲ್ಲ. ಅವರಿಂದ ಇನ್ನೇನನ್ನೂ ಕೇಳಿ ಪಡೆಯುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ನಾನು ಹುಟ್ಟಿಸಿದ ಮಾತು ನನಗಿಂತ ಗಟ್ಟಿ. ಇನ್ನೂ ಓಡಾಡಿಕೊಂಡಿದೆ. ಮೊನ್ನೆ ಕಂಪ್ಲಿಯಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದಾಗ, ಪರಿಚಯವಿಲ್ಲದ ಒಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: "ಚಿತ್ತವಾಡ್ಗಿ ನೀಲಮ್ಮ ಗೊತ್ತಲ್ಲ, ಪಾಪ, ಭಾಳ ಮರವು ಆಕಿಗೆ. ಯಾರ್ದೋ ಮನ್ಯಾಗ ದೇವರಂಥ ಚಿತ್ರ ಒರಸಿಬಿಟ್ಲಂತ."

ಎಲೆಯ ಮೇಲೆ ಆಗತಾನೇ ಬಿಸಿ ಹೋಳಿಗೆ ಬಿದ್ದಿತ್ತು. ಅದನ್ನು ಬಿಟ್ಟು ಎದ್ದು ನಿಂತೆ. ಸಾಲಿಗೆಲ್ಲ ಕೇಳುವ ಹಾಗೆ, ಹೆಸರು ಹಿಡಿದು, ಆದದ್ದನ್ನು ಆದ ಹಾಗೆ ಹೇಳಿದೆ. ಬಡಿಸುವವನು ತುಪ್ಪದ ಮಿಳ್ಳೆ ಹಿಡಿದು ಹಾಗೇ ನಿಂತ. ಪಕ್ಕದಲ್ಲಿ ಕೂತಿದ್ದ ಹೆಂಗಸು ತಮ್ಮ ಎಲೆಯನ್ನು ಒಂದು ಗೇಣು ಆಚೆಗೆ ಎಳೆದುಕೊಂಡರು. ನಾನು ಕೂತು ಊಟ ಮುಂದುವರಿಸಿದೆ.