ತಮ್ಮ ಓದಿದ ವಯೋಮಿಂಗ್ ಭಾಷಣ

ಹಾಸನದ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಚರಿತ್ರೆ ಪಾಠ ಮಾಡುತ್ತಿದ್ದೇನೆ. ಅಮೆರಿಕದ ಪಶ್ಚಿಮದಲ್ಲಿರುವ ವಯೋಮಿಂಗ್ ರಾಜ್ಯದ ಪಾಠ ಬಂತೆಂದರೆ ತವರಿನ ಸುದ್ದಿ ಹೇಳುವವಳ ಹಾಗೆ ನನಗೆ ಹುರುಪು. ಆ ದೇಶದಲ್ಲಿ ಹೆಂಗಸರಿಗೆ ಎಲ್ಲರಿಗಿಂತ ಮೊದಲು ವೋಟು ಕೊಟ್ಟ ಸೀಮೆ ಅದು. ಕೊಟ್ಟ ಎರಡೇ ವರ್ಷಕ್ಕೆ ಅಲ್ಲಿನ ಗಂಡಸರು ವಾಪಸ್ ಕಿತ್ತುಕೊಳ್ಳಲು ಹೊರಟರು. ಶಾಸನಸಭೆಯಲ್ಲಿ ಅವರಿಗೆ ಒಂದೇ ಒಂದು ಮತ ಕಮ್ಮಿ ಬಿದ್ದು, ಹೆಂಗಸರ ಹಕ್ಕು ಉಳಿಯಿತು.

ಅರಕಲಗೂಡು ಕಡೆಯ ನಮ್ಮೂರಲ್ಲಿ ನನ್ನ ತಮ್ಮನ ಹೆಂಡತಿ ಪಂಚಾಯ್ತಿ ಅಧ್ಯಕ್ಷೆ. ಮಹಿಳಾ ಮೀಸಲು. ಸಹಿ ಅವಳದು, ಕಾರುಬಾರೆಲ್ಲ ತಮ್ಮನದು. ಒಂದು ದಿನ ಹಾಸನಕ್ಕೆ ಬಂದವಳು ನನ್ನ ಅಡುಗೆಮನೆಯಲ್ಲಿ ನಿಂತು, "ಈ ಸಲ ಮಹಿಳಾ ಗ್ರಾಮಸಭೇಲಿ ನಾನೇ ಮಾತಾಡ್ಬೇಕು ಕಣಕ್ಕ. ಏನಾದ್ರೂ ಬರ್ಕೊಡಿ" ಅಂದಳು. ನಾನು ವಯೋಮಿಂಗ್ ಕತೆ ಹೇಳಿದೆ. "ಅಲ್ಲೂವೆ ಇಂಗೇನಾ?" ಎಂದು ಬಿದ್ದು ಬಿದ್ದು ನಕ್ಕಳು. ಹೊರಡುವಾಗ ಮಾತ್ರ ಮೆಲ್ಲಗೆ, "ನನ್ ಕೈಗೇ ಕೊಡಿ ಅಕ್ಕ" ಎಂದಳು.

ಭಾನುವಾರ ಕೂತು ಎರಡು ಪುಟ ಬರೆದೆ. ಬಸ್ಸು ಹತ್ತಿ ಊರಿಗೆ ಹೋಗಲು ಸೋಮಾರಿತನ. ಹಾಳೆಯ ಫೋಟೋ ತೆಗೆದು ಅಧ್ಯಕ್ಷೆಯ ನಂಬರಿಗೆ ವಾಟ್ಸಾಪ್ ಮಾಡಿಬಿಟ್ಟೆ. ಅಧ್ಯಕ್ಷೆಯ ನಂಬರೆಂದು ಊರಿನವರೆಲ್ಲರ ಫೋನಿನಲ್ಲಿ ಇರುವುದು ಗಂಡನ ನಂಬರು. ನನ್ನ ಫೋನಿನಲ್ಲೂ ಅದೇ ಇತ್ತು.

ಸಭೆಯ ದಿನ ಮುಂದಿನ ಸಾಲಿನಲ್ಲೇ ಕೂತೆ. ಅವಳ ಸರದಿ ಬಂದಾಗ ಮೈಕಿನ ಮುಂದೆ ನಿಂತವನು ತಮ್ಮ. "ಅಧ್ಯಕ್ಷರಿಗೆ ಗಂಟ್ಲು ಕಟ್ಬುಟ್ಟೈತೆ. ಅವ್ರ ಬದ್ಲು ನಾನೇ ಓದ್ತೀನಿ" ಅಂದ. ಅರ್ಧ ಗಂಟೆ ಮುಂಚೆ ಅದೇ ಗಂಟಲು ಬೀದಿಯ ಆ ತುದಿಯಿಂದ ನನ್ನನ್ನು "ಅಕ್ಕಾ" ಎಂದು ಕೂಗಿ ಕರೆದಿತ್ತು.

ನಾನು ಎತ್ತಿ ಆಡಿಸಿದ ತಮ್ಮ, ನನ್ನದೇ ಅಕ್ಷರ ಹಿಡಿದುಕೊಂಡು, ಹೆಂಗಸರ ಹಕ್ಕು ಕಿತ್ತುಕೊಳ್ಳಲು ಹೋದ ಗಂಡಸರನ್ನು ಬೈಯುತ್ತಿದ್ದ. ಚೆನ್ನಾಗಿಯೇ ಓದಿದ, ದರಿದ್ರದವನು. ಮುಗಿದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು. ಎದ್ದು ನಿಂತು ಒಂದು ಮಾತು ಕೇಳಬಹುದಿತ್ತು. ನೆಂಟರಿಷ್ಟರ ಮುಂದೆ ತಮ್ಮನ ಮಾನ ಕಳೆಯುವುದೇ ಎಂದುಕೊಂಡು ನಾನೂ ತಟ್ಟಿದೆ.

ವೇದಿಕೆಯ ಮೇಲಿಂದ ಅವಳು ನನ್ನ ಕೈಗಳನ್ನೇ ನೋಡುತ್ತಿದ್ದಳು.

ಊಟಕ್ಕೆ ಬಡಿಸುವಾಗ ಪಕ್ಕಕ್ಕೆ ಬಂದು, "ಚೆಂದಾಗ್ ಬರ್ಕೊಟ್ಟಿದ್ರಿ ಅಕ್ಕ, ನಿಮ್ ತಮ್ಮಂಗೆ" ಅಂದಳು.