ಅವ್ವನ ಮಧ್ಯಾಹ್ನದ ಮಿಸ್ ಕಾಲ್

ದೆವ್ವ, ಭೂತ, ಸತ್ತವರ ಸುಳಿವು ಇಂಥ ಮಾತುಗಳನ್ನು ನಾನು ಎಂದೂ ನಂಬಿದವನಲ್ಲ. ನನ್ನದು ಕರೆಂಟಿನ ಕೆಲಸ. ಕಲಬುರಗಿ ಹತ್ತಿರದ ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಮೋಟರು, ಸ್ಟಾರ್ಟರು, ಫ್ಯೂಜು ನೋಡಿಕೊಳ್ಳುತ್ತ ಅರ್ಧ ಆಯುಷ್ಯ ಕಳೆದಿದ್ದೇನೆ. ತಂತಿಯಲ್ಲಿ ಕರೆಂಟು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಯಾರಾದರೂ ಬೇವಿನ ಮರದ ಕೆಳಗೆ ಬಿಳಿ ಸೀರೆ ಕಂಡೆ ಎಂದರೆ, ಮೊದಲು ಟಾರ್ಚಿನ ಸೆಲ್ಲು ಬದಲಿಸು ಎಂದು ಚೇಷ್ಟೆ ಮಾಡುತ್ತಿದ್ದೆ. ಹಾಗಾಗಿ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ನಮ್ಮೂರು ಅದೇ ಜಿಲ್ಲೆಯ ಕಮಲಾಪುರ. ಅಪ್ಪ ಕೆಂಪು ಬಾಳೆ ಬೆಳೆಯುತ್ತಿದ್ದರು. ಆದರೆ ಸುತ್ತಲ ಹಳ್ಳಿಯವರಿಗೆ ಅವರು ಗೊತ್ತಿದ್ದದ್ದು ತತ್ವಪದ ಹೇಳುವವರೆಂದು. ಪ್ರತಿ ಸೋಮವಾರ ನಮ್ಮ ಪಡಸಾಲೆಯಲ್ಲಿ ಭಜನೆ. ಅಪ್ಪ ಏಕತಾರಿ ಮೀಟುತ್ತ ಒಂದು ಸಾಲು ಹೇಳಬೇಕು, ದಮ್ಮಡಿ ತಾಳ ಹಿಡಿದವರು ಅದೇ ಸಾಲನ್ನು ಹಿಂದೆ ಹೇಳಬೇಕು. ಸಾಲು ಮುಗಿದು ಉಸಿರು ಎಳೆದುಕೊಳ್ಳುವ ಹೊತ್ತಿಗೆ ಅಪ್ಪ ಸಣ್ಣಗೆ ಕೆಮ್ಮಿ "ಹಿಡೀರೆಪ್ಪಾ" ಅನ್ನುತ್ತಿದ್ದರು. ಅದು ಪದದ ಮಾತಲ್ಲ, ಅವರ ರೂಢಿ. ಕೂತವರೆಲ್ಲ ಒಟ್ಟಿಗೆ ದನಿ ಸೇರಿಸುತ್ತಿದ್ದರು.

ನಮ್ಮ ಮನೆಯಲ್ಲಿ ಹೆಂಗಸರು ಭಜನೆಗೆ ಕೂಡುವ ಪದ್ಧತಿ ಇರಲಿಲ್ಲ. ಅವ್ವ ಒಳಗೆ ಚಾ ಕುದಿಸುತ್ತ ಬಾಗಿಲ ಮರೆಯಿಂದ ಕೇಳುತ್ತಿದ್ದಳು. ಅವಳು ಬಾಯಿ ಬಿಟ್ಟು ಒಂದು ಸಾಲು ಹಾಡಿದ್ದನ್ನು ನಾನಾಗಲಿ ನನ್ನ ತಮ್ಮ ಶಿವಶರಣನಾಗಲಿ ಕೇಳಿರಲಿಲ್ಲ. ಶಿವಶರಣ ಹೊಸದಾಗಿ ಟೇಪ್‌ರೆಕಾರ್ಡರ್ ತಂದಾಗ ಅಪ್ಪನ ಪದಗಳನ್ನು ಕ್ಯಾಸೆಟ್ ಮಾಡೋಣವೆಂದು ಎಷ್ಟು ಗೋಗರೆದರೂ ಅವರು ಒಪ್ಪಲಿಲ್ಲ. "ಪದ ಅಂದ್ರ ನಾಕು ಮಂದಿ ಕುಂತು ಹೇಳೋದಪ್ಪ. ನಾ ಒಂದ್ ಸಾಲು ಹೇಳಿದ್ರ ನಿನ್ನ ಡಬ್ಬಿ ಹಿಂದ ಹೇಳ್ತದೇನು?" ಅಂದರು. ಅಲ್ಲಿಗೆ ಮಾತು ಮುಗಿಯಿತು. ಅವರ ದನಿ ಎಲ್ಲೂ ಉಳಿಯಲಿಲ್ಲ ಎಂಬುದನ್ನು ನೀವು ನೆನಪಿಡಬೇಕು. ಕ್ಯಾಸೆಟ್ಟಿಲ್ಲ, ಫೋನಿನಲ್ಲಿಲ್ಲ, ಯಾರ ಮದುವೆ ವಿಡಿಯೋದಲ್ಲೂ ಇಲ್ಲ.

ಆಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈಯ ಜೊತೆ ಮಾತೂ ಹೋಯಿತು. ಎರಡು ವರ್ಷ ಹಾಸಿಗೆಯಲ್ಲಿದ್ದು ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಏಕತಾರಿಗೆ ಬಟ್ಟೆ ಸುತ್ತಿ ಗೂಟಕ್ಕೆ ತೂಗುಹಾಕಿದೆವು. ಅವ್ವ ಅತ್ತಿದ್ದು ಕಡಿಮೆ. ಅತ್ತಿದ್ದರೇ ಚೆನ್ನಾಗಿತ್ತು. ಶಿವಶರಣನ ಹೆಂಡತಿ ತಾಟಿಗೆ ಬಡಿಸಿದರೆ ಅರ್ಧ ರೊಟ್ಟಿ ಮುರಿದು ಕೈತೊಳೆಯುತ್ತಿದ್ದಳು. ಮೊಮ್ಮಕ್ಕಳು ಮೈಮೇಲೆ ಬಿದ್ದರೂ ಸುಮ್ಮನೆ ಕೂತಿರುತ್ತಿದ್ದಳು. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಅಪ್ಪನ ಹಿಂದೆಯೇ ಇವಳೂ ಹೊರಟಳೆಂದು ನಮಗೆ ಭಯ ಹತ್ತಿತ್ತು.

ಅವಳು ಬಿಡದೆ ಮಾಡುತ್ತಿದ್ದ ಕೆಲಸ ಒಂದೇ, ನನಗೆ ಮಿಸ್ ಕಾಲ್ ಕೊಡುವುದು. ಬಟನ್ ಫೋನುಗಳ ಆ ಕಾಲದಲ್ಲಿ ಎಲ್ಲ ಮನೆಗಳಲ್ಲೂ ಇಂಥದೊಂದು ಒಪ್ಪಂದ ಇರುತ್ತಿತ್ತು. ನಾನು ಕಲಬುರಗಿಯಲ್ಲಿ ಸಂಸಾರ ಹೂಡಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಅವ್ವ ಶಿವಶರಣನ ಫೋನಿನಿಂದ ನನ್ನ ನಂಬರು ಒತ್ತಿ, ಒಮ್ಮೆ ಗಂಟೆ ಬಡಿದೊಡನೆ ಕತ್ತರಿಸುತ್ತಿದ್ದಳು. ಅಷ್ಟಾದರೆ ಎಲ್ಲ ಆರಾಮ ಎಂದರ್ಥ. ಮತ್ತೆ ಬಡಿದರೆ ನಾನು ತಿರುಗಿ ಮಾಡಬೇಕು. ಅವಳ ಮಟ್ಟಿಗೆ ಫೋನ್ ಎಂದರೆ ಇಷ್ಟೇ ಇತ್ತು.

ಮಿಲ್ಲಿನ ಪಕ್ಕದ ಶೆಡ್ಡಿನಲ್ಲಿ ಗೌಸ್ ಭಾಯಿ ಮೋಟರ್ ವೈಂಡಿಂಗ್ ಮಾಡುತ್ತಿದ್ದರು. ನಮ್ಮಲ್ಲಿ ಮೋಟರ್ ಸುಟ್ಟರೆ ಅವರ ಹತ್ತಿರವೇ ಹೋಗುತ್ತಿತ್ತು. ಮಿಲ್ಲಿನ ಗದ್ದಲದಲ್ಲಿ ನನ್ನ ಫೋನು ಹೊಡೆದುಕೊಂಡರೂ ನನಗೆ ಕೇಳಿಸುತ್ತಿರಲಿಲ್ಲವಾದ್ದರಿಂದ ನನಗೆ ಫೋನ್ ಮಾಡಿದವರು ಬಹಳ ಹೊತ್ತು ಕಾಯಬೇಕಾಗುತ್ತಿತ್ತು. ಒಂದು ದಿನ ಕರೆಂಟು ಹೋಗಿ ಮಿಲ್ಲು ನಿಂತಿತ್ತು. ಹೊರಗೆ ನೆರಳಿನಲ್ಲಿ ಚಾ ಕುಡಿಯುವಾಗ ಗೌಸ್ ಭಾಯಿ ಕೇಳಿದರು: "ಕ್ಯಾ ಭಾಯ್, ಕಾಲರ್ ಟ್ಯೂನ್ ಭಾಳ ಛಲೋ ಹಾಕಿರಿ. ಯಾರದು ಆ ದನಿ?"

ನಾನು ನಕ್ಕೆ. ಆಗೆಲ್ಲ ಕಂಪನಿಯವರು ನಾವು ಕೇಳದಿದ್ದರೂ ಯಾವುದಾದರೂ ಸಿನಿಮಾ ಹಾಡನ್ನು ನಮ್ಮ ನಂಬರಿಗೆ ಅಂಟಿಸಿಬಿಡುತ್ತಿದ್ದರು. ನಂಬರಿನ ಒಡೆಯನಿಗೆ ಅದು ಕೇಳಿಸುವುದಿಲ್ಲ, ಫೋನ್ ಮಾಡಿದವರಿಗಷ್ಟೇ ಕೇಳಿಸುವುದು. ಯಾವ ಪಿಕ್ಚರಿನದು ಎಂದು ಕೇಳಿದೆ.

"ಪಿಕ್ಚರ್ ಹಾಡಲ್ಲರಿ. ನಿಮ್ಮ ಕಡಿ ಮಠದಾಗ ಹೇಳ್ತಾರಲ್ಲ, ಹಂಗದ. ತಾರಿ ಬಾರಿಸ್ಕೋತ ಒಬ್ಬ ಮುದುಕ ಹೇಳ್ತಾನ. ನಡುವ ಕೆಮ್ಮಿ 'ಹಿಡೀರೆಪ್ಪಾ' ಅಂತಾನ ನೋಡ್ರಿ, ಅದು ಭಾಳ ಮಜಾ ಅದ."

ಗೌಸ್ ಭಾಯಿ ನಮ್ಮ ಅಪ್ಪನನ್ನು ಕಂಡವರಲ್ಲ. ಕಮಲಾಪುರದಲ್ಲಿ ಬಸ್ಸಿನಿಂದ ಇಳಿದವರೂ ಅಲ್ಲ. ಅವರ ಫೋನು ತೆಗೆದುಕೊಂಡು ನನ್ನ ನಂಬರು ಒತ್ತಿ ಕಿವಿಗಿಟ್ಟೆ. ಟ್ರಿಣ್ ಟ್ರಿಣ್ ಎಂಬ ಸಾದಾ ಸದ್ದು. "ಏನೂ ಇಲ್ಲಲ್ರಿ" ಎಂದು ಫೋನು ಅವರ ಕೈಗೆ ಕೊಟ್ಟೆ. ಅವರು ಕಿವಿಗಿಟ್ಟುಕೊಂಡು ನನ್ನನ್ನೇ ಬೆಪ್ಪಾಗಿ ನೋಡಿದರು. "ಹೇಳ್ಲಾಕತ್ತಾನಲ್ರೀ ಭಾಯ್. ನಿಮಗ ಕೇಳಲ್ದೇನು?" ಕರೆ ಒಂದೇ, ಫೋನು ಒಂದೇ. ಬದಲಾದದ್ದು ಕಿವಿ ಮಾತ್ರ.

ಅವರು ಚೇಷ್ಟೆ ಮಾಡುತ್ತಿಲ್ಲವೆಂದು ಅವರ ಮುಖ ನೋಡಿಯೇ ತಿಳಿಯಿತು. ಆ ದನಿ ನಮ್ಮ ಅಪ್ಪನದಿರಬಹುದು ಎಂದಾಗ ಗೌಸ್ ಭಾಯಿ ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡರು. ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅವ್ವನಿಗಂತೂ ಹೇಳಲೇಬಾರದೆಂದು ನಿಶ್ಚಯಿಸಿದೆ.

ಹೇಳುವ ಅಗತ್ಯವೇ ಬರಲಿಲ್ಲ. ಅದೇ ವಾರ ಒಂದು ಮಧ್ಯಾಹ್ನ ನಾನು ಊಟಕ್ಕೆಂದು ಮಿಲ್ಲಿನ ಹೊರಗೆ ಕೂತಿದ್ದಾಗ ಅವ್ವನ ಮಿಸ್ ಕಾಲ್ ಬಂತು. ಒಮ್ಮೆ ಬಡಿದು ನಿಲ್ಲಬೇಕಾದದ್ದು ನಿಲ್ಲಲೇ ಇಲ್ಲ. ಕೊನೆತನಕ ಬಡಿದು, ನಿಂತು, ಮತ್ತೆ ಬಡಿಯಿತು. ಕೂಡಲೇ ಫೋನು ಎತ್ತಿ "ಯಾಕವ್ವ, ಏನಾಯ್ತು?" ಅಂದೆ.

"ನೀ ಯಾಕ ಎತ್ತಿದಿ?" ಎಂದಳು ಅವ್ವ. ಬಹಳ ದಿನಗಳ ಮೇಲೆ ಅವಳ ದನಿಯಲ್ಲಿ ಸಿಟ್ಟು ಇತ್ತು. "ನಿಮ್ಮಪ್ಪ ಹೇಳ್ಲಾಕತ್ತಿದ್ರು. ನಡುವ ಎತ್ತಿಬಿಟ್ಟಿ. ಇನ್ನ ಮ್ಯಾಲ ನಾ ಮಾಡಿದ್ರ ಎತ್ತಬ್ಯಾಡ."

ರಜೆಯ ದಿನ ಕಮಲಾಪುರಕ್ಕೆ ಹೋದೆ. ಅವ್ವ ತಲೆ ಬಾಚಿಕೊಂಡು ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಏಕತಾರಿ ಗೂಟದಿಂದ ಇಳಿದು, ಬಟ್ಟೆ ಬಿಚ್ಚಿಸಿಕೊಂಡು, ಧೂಳು ಒರೆಸಿಕೊಂಡು ಅವಳ ಪಕ್ಕದಲ್ಲೇ ಗೋಡೆಗೆ ಒರಗಿತ್ತು. ಊಟಕ್ಕೆ ಕೂತಾಗ ಎರಡನೇ ರೊಟ್ಟಿ ಅವಳೇ ಕೇಳಿ ಹಾಕಿಸಿಕೊಂಡಳು. ಕಾರಣ ಏನಾದರೂ ಇರಲಿ, ಅವ್ವ ನಮ್ಮ ಕಡೆಗೆ ತಿರುಗಿ ಬಂದಿದ್ದಳು.

ಆದರೆ ಶಿವಶರಣನ ಮುಖ ಸಣ್ಣದಾಗಿತ್ತು. ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, "ಅಣ್ಣಾ, ಅವ್ವನ ತಲಿ ಕೆಟ್ಟದ. ದಿನಾ ಮಧ್ಯಾಹ್ನ ಫೋನ್ ಕಿವಿಗೆ ಹಚ್ಕೊಂಡು ಕಣ್ಣು ಮುಚ್ಚಿ ಕುಂದರ್ತಾಳ. ನಾ ಕಸ್ಕೊಂಡು ಕೇಳಿದ್ರ ಬರೇ ಟ್ರಿಣ್ ಟ್ರಿಣ್ ಅಂತದ. ನೀ ಕಂಪನಿಗಿ ಹೋಗಿ ನಂಬರ್ ಬದಲಿ ಮಾಡ್ಸು. ಇಲ್ಲಂದ್ರ ಡಾಕ್ಟರ್ ಕಡಿ ತೋರಿಸ್ಬೇಕಾಗ್ತದ" ಎಂದ. ಗೌಸ್ ಭಾಯಿಗೂ ಕೇಳಿಸಿದೆ ಎಂದು ನಾನು ಹೇಳಿದೆ. ಅವನು ಬಾಳೆಯ ಬುಡವನ್ನು ಕಾಲಿನಿಂದ ತಿಕ್ಕಿದ. ಕೊನೆಗೆ, "ಮಂದಿಗಿ ಕೇಳ್ತದ, ಮಕ್ಕಳಿಗಿ ಕೇಳಲ್ದು. ಇದ್ಯಾವ ನ್ಯಾಯ ಅಣ್ಣಾ?" ಎಂದ. ಅವನ ಕಣ್ಣಲ್ಲಿ ನೀರು ಬಂದಿತ್ತು.

ಜಗತ್ ಸರ್ಕಲ್ಲಿನ ಹತ್ತಿರ ನನ್ನ ಫೋನಿನ ಕಂಪನಿಯ ಆಫೀಸಿತ್ತು. ಅಲ್ಲಿಗೆ ಹೋದೆ. ಕಂಪ್ಯೂಟರಿನ ಮುಂದಿದ್ದ ಹುಡುಗಿ ನನ್ನ ನಂಬರು ಹಾಕಿ ನೋಡಿ, "ಇದರ ಮ್ಯಾಲ ಯಾವ ಟ್ಯೂನೂ ಇಲ್ರಿ ಸರ್. ಯಾವಾಗೂ ಹಾಕಿಲ್ಲ" ಅಂದಳು. ಮತ್ತೊಮ್ಮೆ ನೋಡಿಸಿದೆ. ಅದೇ ಉತ್ತರ. ಏನಾದರೂ ಗಡಬಡ ಆಗಿದ್ದರೆ ಹೊಸ ಸಿಮ್ ಕೊಡುತ್ತೇನೆ, ಎಲ್ಲ ಸರಿಹೋಗುತ್ತದೆ ಎಂದು ಡ್ರಾವರಿನಿಂದ ಒಂದು ಸಿಮ್ ತೆಗೆದು ಗಾಜಿನ ಮೇಲಿಟ್ಟಳು.

ನಾನು ಅದನ್ನೇ ನೋಡುತ್ತ ನಿಂತೆ. ಕೆಟ್ಟದ್ದನ್ನು ಬಿಚ್ಚಿ ನೋಡದೆ ನಾನು ಎಂದೂ ಬಿಟ್ಟವನಲ್ಲ. ಸಿಮ್ ಬದಲಿಸಿದರೆ ದನಿ ನಿಲ್ಲುತ್ತದೋ ಇಲ್ಲವೋ, ಒಂದು ಲೆಕ್ಕಕ್ಕೆ ಬರುತ್ತಿತ್ತು. ನಿಂತರೆ ಅದು ಮಷೀನಿನ ದೋಷ ಎಂದು ನೆಮ್ಮದಿಯಿಂದ ಮಲಗಬಹುದಿತ್ತು. ಆದರೆ ಅದು ನಿಂತುಹೋದರೆ ಅವ್ವ ಮತ್ತೆ ಅರ್ಧ ರೊಟ್ಟಿಗೆ ಕೈತೊಳೆಯುತ್ತಾಳೆ. ಆ ಪುಟ್ಟ ಚೀಟಿಯಂಥದ್ದನ್ನು ಹುಡುಗಿಯ ಕಡೆಗೆ ಸರಿಸಿ, ಬೇಡಮ್ಮ ಎಂದು ಹೇಳಿ ಹೊರಗೆ ಬಂದೆ. ಆಟೋಗಳ ಹಾರ್ನು, ಅಂಗಡಿಗಳ ಮುಂದೆ ಒಂದಕ್ಕೊಂದು ಸಂಬಂಧವಿಲ್ಲದೆ ಬಡಿದುಕೊಳ್ಳುವ ಹಾಡುಗಳು. ಈ ಊರಿನಲ್ಲಿ ಎಲ್ಲರ ಕಿಸೆಯಲ್ಲೂ ಹಾಡಿದೆ, ನನಗೆ ಬೇಕಾದ ಒಂದು ಹಾಡು ನನ್ನದೇ ಕಿಸೆಯಲ್ಲಿದ್ದೂ ನನಗೆ ಕೇಳಿಸುವುದಿಲ್ಲ ಎನಿಸಿ ಬಹಳ ದುಃಖವಾಯಿತು.

ಅಂದಿನಿಂದ ಅದೊಂದು ಪರಿಪಾಠವಾಗಿಬಿಟ್ಟಿತು. ಮಧ್ಯಾಹ್ನ ಅವ್ವನ ಕರೆ ಬರುವ ಹೊತ್ತಿಗೆ ನಾನು ಫೋನನ್ನು ಸ್ವಿಚ್‌ಬೋರ್ಡಿನ ಪಕ್ಕದ ಮೇಜಿನ ಮೇಲಿಡುತ್ತಿದ್ದೆ. ಅದು ನಡುಗುತ್ತ ಮೇಜಿನ ಮೇಲೆ ಅಷ್ಟಷ್ಟೇ ಸರಿಯುತ್ತಿತ್ತು. ನಾನು ಕೈಕಟ್ಟಿ ನೋಡುತ್ತ ನಿಲ್ಲುತ್ತಿದ್ದೆ. ಮಿಲ್ಲಿನವರು ಸಾಲಗಾರರ ಫೋನೇನು ಎಂದು ನಗೆಯಾಡುತ್ತಿದ್ದರು. ನಾನೂ ಹೌದೆಂದು ನಗುತ್ತಿದ್ದೆ.

ಮುಂದಿನದನ್ನು ಹೇಳಲೆಂದೇ ಇಷ್ಟೆಲ್ಲ ಹೇಳಿದೆ. ಒಂದು ದಿನ ಮತ್ತೆ ಕರೆಂಟು ಹೋಗಿ ಮಿಲ್ಲು ನಿಂತಿತ್ತು. ಫೋನಿನ ಮೇಲೆ ಕೂತಿದ್ದ ಬೇಳೆಯ ಹಿಟ್ಟನ್ನು ಬಟ್ಟೆಯಿಂದ ಒರೆಸುತ್ತಿದ್ದಾಗಲೇ ಅವ್ವನ ಕರೆ ಬಂತು. ಒರೆಸುವ ಕೈ ಹಸಿರು ಬಟನ್ನಿನ ಮೇಲೆ ಬಿತ್ತು. ಕರೆ ಸೇರಿಕೊಂಡಿತು. ಅವ್ವ ಬೈಯುತ್ತಾಳೆಂದು ಅಂಜುತ್ತ ಕಿವಿಗಿಟ್ಟೆ.

ಅವ್ವ ಹಾಡುತ್ತಿದ್ದಳು.

ದನಿ ಸಣ್ಣದು, ಕೊಂಚ ಒಡೆದದ್ದು, ಆದರೆ ಶ್ರುತಿ ತಪ್ಪಿರಲಿಲ್ಲ. ಅಪ್ಪ ಸೋಮವಾರಗಳಂದು ತಪ್ಪದೆ ಹೇಳುತ್ತಿದ್ದ ಪದ ಅದು. ಅವಳು ಒಂದು ಸಾಲು ಹೇಳಿ ನಿಲ್ಲಿಸಿದಳು. ನನ್ನ ಕಿವಿಯಲ್ಲಿ ಏನೂ ಇಲ್ಲ, ಬರಿಯ ಮೌನ, ದೂರದಲ್ಲಿ ನಮ್ಮ ಮನೆಯ ಕೋಳಿಯ ಸದ್ದು. ಮುಂದಿನ ಸಾಲನ್ನು ಯಾರೋ ಮೊದಲು ಹೇಳಿ ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವಳು ಕಾದಳು. ಕೆಮ್ಮುವುದಕ್ಕೆ, ಒಂದು ಮಾತು ಅನ್ನುವುದಕ್ಕೆ ಬೇಕಾದ ಚೂರು ಸಮಯವೂ ಅದರಲ್ಲಿತ್ತು. ಆಮೇಲೆ ಆ ಸಾಲನ್ನು ಅವಳು ಹಿಂದೆ ಹೇಳಿದಳು. ಮತ್ತೆ ನಿಂತಳು, ಮತ್ತೆ ಕಾದಳು, ಮತ್ತೆ ಹೇಳಿದಳು.

ಫೋನು ಎತ್ತಿದ ಮೇಲೆ ಆ ಕಡೆಯವರಿಗೆ ಯಾವ ಟ್ಯೂನೂ ಕೇಳಿಸುವುದಿಲ್ಲ. ಕರೆಂಟಿನ ಕೆಲಸ ಮಾಡುವ ನನಗೆ ಇದು ಗೊತ್ತು, ನಿಮಗೂ ಗೊತ್ತು. ಹಾಗಿದ್ದರೆ ಅವ್ವ ಯಾರ ಹಿಂದೆ ಹಾಡುತ್ತಿದ್ದಳು? ಅಭ್ಯಾಸಬಲದಿಂದ ಎನ್ನೋಣವೆಂದರೆ ಆ ಹೆಂಗಸು ಜೀವಮಾನದಲ್ಲಿ ಭಜನೆಗೆ ದನಿ ಕೂಡಿಸಿದವಳಲ್ಲ. ನಾನು ಪದ ಪೂರಾ ಮುಗಿಯುವ ತನಕ ಗೋಡೆಗೆ ಒರಗಿ ನಿಂತಿದ್ದೆ. ಮುಗಿದ ಮೇಲೆ ಅವಳು ನನ್ನನ್ನು ಮಾತಾಡಿಸಲಿಲ್ಲ. "ನಾಳಿ ಹೇಳ್ರಿ" ಎಂದು ಮೆಲ್ಲಗೆ ಅಂದು ಫೋನು ಇಟ್ಟಳು. ಆ "ರೀ" ಮಗನಿಗೆ ಹಚ್ಚುವಂಥದ್ದಲ್ಲ.

ನಾನು ಕೇಳಿಸಿಕೊಂಡೆನೆಂದು ಅವ್ವನಿಗೆ ಕೊನೆತನಕ ಹೇಳಲಿಲ್ಲ. ಶಿವಶರಣನಿಗೆ ಹೇಳಿದೆ. ಅವನು ಆಮೇಲೆ ಡಾಕ್ಟರ ಮಾತು ಎತ್ತಲಿಲ್ಲ. ಮಧ್ಯಾಹ್ನವಾದರೆ ತಾನೇ ಫೋನಿಗೆ ಚಾರ್ಜು ತುಂಬಿಸಿ ಅವ್ವನ ಪಕ್ಕದಲ್ಲಿಟ್ಟು ಹೊಲಕ್ಕೆ ಹೋಗುತ್ತಿದ್ದ. ಕೆಲವು ವರ್ಷ ಹೀಗೆಯೇ ನಡೆಯಿತು. ಒಂದು ಚಳಿಗಾಲದಲ್ಲಿ ಅವ್ವ ಜ್ವರವೆಂದು ಮಲಗಿದವಳು ಏಳಲಿಲ್ಲ. ಅವಳು ಹೋದ ಮೇಲೆ ಗೌಸ್ ಭಾಯಿಯಿಂದ ನನ್ನ ನಂಬರಿಗೆ ಹಚ್ಚಿಸಿ ನೋಡಿದೆ. ಅವರು ಬಹಳ ಹೊತ್ತು ಕಿವಿಗೊಟ್ಟು ಕೇಳಿ, ಏನೂ ಇಲ್ಲವೆಂದು ತಲೆಯಾಡಿಸಿ, ಫೋನನ್ನು ನನ್ನ ಕೈಗಿಟ್ಟರು.

ಕಂಪನಿ ಹೋಯಿತು, ಹೊಸ ಕಂಪನಿ ಬಂತು, ಫೋನುಗಳೂ ಎಷ್ಟೋ ಬದಲಾದವು. ನಂಬರು ಮಾತ್ರ ಅದೇ ಇಟ್ಟುಕೊಂಡಿದ್ದೇನೆ. ಏನಾಯಿತೆಂದು ನನಗೆ ಇವತ್ತಿಗೂ ತಿಳಿದಿಲ್ಲ, ತಿಳಿದವರಂತೆ ಮಾತಾಡುವವರ ಹತ್ತಿರ ನಾನು ಇದನ್ನು ಹೇಳುವುದೂ ಇಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಫೋನು ಬಂದರೆ ಕೂಡಲೇ ಎತ್ತುವುದಿಲ್ಲ. ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಬಡಿಯಲು ಬಿಡುತ್ತೇನೆ. ಎತ್ತಿದ ಮೇಲೆ ಮೊದಲು ಕೇಳುವುದು, "ಇಷ್ಟೊತ್ತು ಏನು ಕೇಳಿಸ್ತು?" ಎಂದು. ಟ್ರಿಣ್ ಟ್ರಿಣ್ ಅಂತ ಬಡೀತು, ಮತ್ತೇನು ಕೇಳಿಸ್ತದ್ರಿ ಎನ್ನುತ್ತಾರೆ. ಸರಿ, ಹೇಳ್ರಿ ಎನ್ನುತ್ತೇನೆ.